ಶ್ರೀ ರಾಯರ ಪೂರ್ವಾಶ್ರಮದ ಬಡತನವೂ ವೇದಾರ್ಥದ ಸಂಪತ್ತೂ

ಶ್ರಾವಣ ಬಹುಳ ಪಾಡ್ಯ, ಬಿದಿಗೆ, ತದಿಗೆಗಳು ಸಮೀಪಿಸುತ್ತಿರುವಂತೆ ಮಾಧ್ವರ ಮನೆಮನೆಗಳಲ್ಲಿಯೂ ಶ್ರೀ ಗುರುಸಾರ್ವಭೌಮರ ಆರಾಧನೆಯ ಸಿದ್ಧತೆಗಳು ತೊಡಗುತ್ತವೆ. ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಗಳ ಮೂರು ದಿನಗಳಲ್ಲಿ ಬೃಂದಾವನದ ಮುಂದೆ ನಿಂತು ನಾವು ಬೇಡಿಕೊಳ್ಳುವುದೇನೆಂಬುದನ್ನು ನಮ್ಮ ನಮ್ಮ ಅಂತರಂಗವೇ ಬಲ್ಲದು. ಮಗನಿಗೆ ಉದ್ಯೋಗ, ಮಗಳಿಗೆ ವಿವಾಹ, ಮನೆಯ ಮೇಲಿನ ಸಾಲದ ಪರಿಹಾರ. ಬೇಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಕಲ್ಪವೃಕ್ಷದ ಕೆಳಗೆ ನಿಂತವನು ಬೇಡದಿರಲು ಹೇಗೆ ಸಾಧ್ಯ? ಆದರೆ ಯಾರ ಮುಂದೆ ನಿಂತು ನಾವು ಸಂಪತ್ತನ್ನು ಬೇಡುತ್ತೇವೆಯೋ ಆ ಮಹನೀಯರು ತಮ್ಮ ಗೃಹಸ್ಥಾಶ್ರಮದಲ್ಲಿ ಉಡಲು ಎರಡನೆಯ ವಸ್ತ್ರವಿಲ್ಲದೆ, ದಿನಗಟ್ಟಲೆ ಒಲೆ ಹೊತ್ತಿಸಲು ಗತಿಯಿಲ್ಲದೆ ಕಾಲ ಕಳೆದವರೆಂಬುದು ಆ ಗಳಿಗೆಯಲ್ಲಿ ನಮ್ಮ ನೆನಪಿಗೆ ಬರುವುದು ಅಪರೂಪ. ಆ ಬಡತನದಲ್ಲಿ ಅವರ ಬಳಿ ಇದ್ದುದೇನು ಎಂಬುದನ್ನು ಈ ಸಂಚಿಕೆಯಲ್ಲಿ ಕಿಂಚಿತ್ ವಿಚಾರಿಸಬೇಕೆಂದು ನಮ್ಮ ಅಪೇಕ್ಷೆ. ಮಹಿಮೆಗಳನ್ನು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಆದ್ದರಿಂದ ಅವುಗಳಲ್ಲಿ ಈ ವಿಚಾರಕ್ಕೆ ಸಂಬಂಧಪಟ್ಟ ಕೆಲವನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇವೆ.

ಶ್ರೀಗಳವರ ವಂಶವು ಮೂಲತಃ ಕನ್ನಡ ನಾಡಿನದು. ಮುತ್ತಾತಂದಿರಾದ ಕೃಷ್ಣಭಟ್ಟರು ವೀಣಾವಾದನದಲ್ಲಿ ನಿಪುಣರಾಗಿ ವಿಜಯನಗರದ ಶ್ರೀಕೃಷ್ಣದೇವರಾಯನಿಗೆ ವೀಣಾಗುರುಗಳಾಗಿದ್ದರೆಂದು ಪ್ರಸಿದ್ಧಿಯಿದೆ. ಅವರ ಮಗ ಕನಕಾಚಲಭಟ್ಟರು. ಕನಕಾಚಲಭಟ್ಟರ ಮಗ ತಿಮ್ಮಣ್ಣಭಟ್ಟರು. 1565ರಲ್ಲಿ ವಿಜಯನಗರವು ಪತನ ಹೊಂದಿದ ಮೇಲೆ ಅನೇಕ ವಿದ್ವತ್ಕುಟುಂಬಗಳು ಆಶ್ರಯವನ್ನರಸಿ ದಕ್ಷಿಣಕ್ಕೆ ಸರಿದಂತೆ ಈ ಕುಟುಂಬವೂ ತಮಿಳು ದೇಶಕ್ಕೆ ಹೋಯಿತು. ಚಿದಂಬರದ ಸಮೀಪದ ಭುವನಗಿರಿಯಲ್ಲಿ ತಿಮ್ಮಣ್ಣಭಟ್ಟರಿಗೂ ಗೋಪಿಕಾಂಬೆಗೂ ತಿರುಪತಿಯ ಶ್ರೀನಿವಾಸನ ಅನುಗ್ರಹದಿಂದ ಜನಿಸಿದ ಕಿರಿಯ ಮಗನೇ ವೇಂಕಟನಾಥ. ಮನ್ಮಥ ಸಂವತ್ಸರದ ಫಾಲ್ಗುಣ ಶುದ್ಧ ಸಪ್ತಮಿ ಅವರ ಜನ್ಮತಿಥಿ. ವಾಡಿಕೆಯ ಎಣಿಕೆಯಲ್ಲಿ ಅದು ಕ್ರಿ.ಶ. 1595. ಗುರುರಾಜರು ಅಣ್ಣ, ವೇಂಕಟಾಂಬೆ ಅಕ್ಕ. ರಾಜಾಶ್ರಯವನ್ನು ಕಳೆದುಕೊಂಡ ಮನೆತನದಲ್ಲಿ ಉಳಿದ ಸೊತ್ತೆಂದರೆ ವೀಣೆ ಮತ್ತು ವಿದ್ಯೆ. ತಂದೆಯವರು ಬೇಗನೆ ಪರಂಧಾಮವನ್ನೈದಿದರು. ಅಣ್ಣನವರೇ ಮುಂದೆ ನಿಂತು ಬಾಲಕನನ್ನು ಬೆಳೆಸಿದರು. ಮಧುರೆಯಲ್ಲಿದ್ದ ಅಕ್ಕನ ಪತಿ ಲಕ್ಷ್ಮೀನರಸಿಂಹಾಚಾರ್ಯರು ವೇದ, ಕಾವ್ಯ, ವ್ಯಾಕರಣಾದಿಗಳ ಪಾಠ ಹೇಳಿದರು. ಅಲ್ಲಿಂದ ಹಿಂದಿರುಗಿದ ಮೇಲೆ ಸರಸ್ವತಿ ಎಂಬ ಕನ್ಯೆಯೊಡನೆ ವಿವಾಹವಾಯಿತು. ಆಮೇಲೆ ವೇದಾಂತದ ಹಸಿವು ಅವರನ್ನು ಕುಂಭಕೋಣಕ್ಕೆ, ಶ್ರೀ ಸುಧೀಂದ್ರತೀರ್ಥರ ಪಾದಮೂಲಕ್ಕೆ ಕರೆದೊಯ್ದಿತು.

ಕುಂಭಕೋಣದ ವಿದ್ಯಾಪೀಠದಲ್ಲಿ ನಡೆದ ಒಂದು ಸಂಗತಿ ಎಲ್ಲರಿಗೂ ತಿಳಿದಿದ್ದೇ. ಶ್ರೀಮನ್ನ್ಯಾಯಸುಧೆಯ ಪಾಠ ನಡೆಯುತ್ತಿತ್ತು. ಶ್ರೀ ಜಯತೀರ್ಥರ ಆ ಗ್ರಂಥವು ಶ್ರೀಮದಾಚಾರ್ಯರ ಅನುವ್ಯಾಖ್ಯಾನದ ಟೀಕೆ. ಅದರ ಒಂದೊಂದು ಪಂಕ್ತಿಯೂ ಒಂದೊಂದು ಗಿರಿಶಿಖರ. ಒಂದು ಪಂಕ್ತಿಯ ಅಭಿಪ್ರಾಯ ಸ್ಪಷ್ಟವಾಗದೆ ಗುರುಗಳು ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿದರಂತೆ. ವೇಂಕಟನಾಥನು ಪಾಠದಲ್ಲಿ ಆಸಕ್ತಿಯಿಲ್ಲದವನು, ನಿದ್ರಾಳು ಎಂದು ಸಹಪಾಠಿಗಳು ಮೊದಲೇ ದೂರಿದ್ದರು. ಆ ರಾತ್ರಿ ಗುರುಗಳು ಎದ್ದು ಬಂದು ನೋಡಲಾಗಿ, ಮಠದ ಹೊರಗೆ ಬರಿಯ ನೆಲದ ಮೇಲೆ, ಒಣಗಿದ ಎಲೆಗಳನ್ನು ಉರಿಸಿ ಮಾಡಿಕೊಂಡ ಬೆಳಕು ಆರಿಹೋದ ಬಳಿ, ಹೊದೆಯಲು ಏನೂ ಇಲ್ಲದೆ ಶಿಷ್ಯನು ಮಲಗಿದ್ದನು. ಪಕ್ಕದಲ್ಲಿ ಓಲೆಗರಿಗಳು. ಓದಿ ನೋಡಿದರೆ ಹಗಲು ಬಿಡಿಸಲಾಗದೆ ಉಳಿದ ಅದೇ ಪಂಕ್ತಿಯ ವ್ಯಾಖ್ಯಾನ. ಗುರುಗಳು ತಮ್ಮ ಶಾಟಿಯನ್ನು ಶಿಷ್ಯನಿಗೆ ಹೊದಿಸಿ, ಓಲೆಗಳನ್ನು ತೆಗೆದುಕೊಂಡು ಹೋದರು. ಬೆಳಗ್ಗೆ ಎಚ್ಚತ್ತ ಶಿಷ್ಯನಿಗೆ ಓಲೆಗಳು ಕಾಣದೆ ಆದ ಗಾಬರಿಗಿಂತ, ಗುರುಗಳ ಕಾಷಾಯವನ್ನು ತಾನು ಹೊದ್ದು ಮಲಗಿದೆನೆಂಬ ಅಪರಾಧಭಾವವೇ ಹೆಚ್ಚಾಯಿತೆಂದು ಹೇಳುವರು. ಆ ವ್ಯಾಖ್ಯಾನಕ್ಕೆ ಗುರುಗಳಿಂದಲೇ ಪರಿಮಳವೆಂಬ ಹೆಸರು ಬಂದಿತು. ವ್ಯಾಕರಣದ ವಾದದಲ್ಲಿ ಗೆದ್ದುದಕ್ಕಾಗಿ ಮಹಾಭಾಷ್ಯಾಚಾರ್ಯರೆಂಬ ಬಿರುದು ದೊರೆತುದೂ ಗುರುಗಳಿಂದಲೇ ಎಂದು ಪ್ರತೀತಿ.

ನಮಗೆ ಈ ಕಥೆಯಲ್ಲಿ ಮುಖ್ಯವಾಗಿ ತೋರುವುದು ಒಣಗಿದ ಎಲೆಗಳು. ದೀಪಕ್ಕೆ ಎಣ್ಣೆಯಿಲ್ಲದವನು ಎಲೆಗಳನ್ನು ಉರಿಸಿ ಸುಧೆಯನ್ನು ಓದಿದನು. ಎಲೆ ಉರಿಯುವುದು ಎಷ್ಟು ಹೊತ್ತು? ಒಂದು ಮುಷ್ಟಿ ಎಲೆಗೆ ಒಂದೆರಡು ವಾಕ್ಯ ಓದಬಹುದು. ಮತ್ತೊಂದು ಮುಷ್ಟಿ ಹಾಕುವವರೆಗೆ ಕತ್ತಲಲ್ಲಿ ಓದಿದ ಆ ವಾಕ್ಯಗಳನ್ನೇ ಮನಸ್ಸಿನಲ್ಲಿ ಹೊರಳಿಸಬೇಕು. ನಮ್ಮ ಊಹೆ ಸರಿಯಾದರೆ, ಅವರ ವ್ಯಾಖ್ಯಾನದ ಅರ್ಧಭಾಗ ಹುಟ್ಟಿದ್ದು ಆ ಕತ್ತಲೆಯಲ್ಲಿಯೇ.

ವಿದ್ಯಾಭ್ಯಾಸ ಮುಗಿಸಿ ಗೃಹಸ್ಥರಾಗಿ ನಿಂತ ಮೇಲೆ ದಾರಿದ್ರ್ಯವು ಪೂರ್ಣರೂಪದಿಂದ ಬಂದಿತು. ಲಕ್ಷ್ಮೀನಾರಾಯಣನೆಂಬ ಮಗನು ಹುಟ್ಟಿದ್ದನು. ಶಿಷ್ಯರು ಬರುತ್ತಿದ್ದರು, ಪಾಠ ನಡೆಯುತ್ತಿತ್ತು. ಆದರೆ ಪಾಠಕ್ಕಾಗಿ ಯಾರಿಂದಲೂ ಏನನ್ನೂ ಕೇಳುತ್ತಿರಲಿಲ್ಲ. ಏಕಾದಶಿಯ ಉಪವಾಸವು ದ್ವಾದಶಿಗೂ, ಅದರ ಮುಂದಿನ ದಿನಕ್ಕೂ ಮುಂದುವರಿಯುತ್ತಿದ್ದ ದಿನಗಳುಂಟು. ಇದ್ದ ಅಲ್ಪಸ್ವಲ್ಪವೂ ಕಳ್ಳರ ಪಾಲಾಯಿತೆಂದು ಹಿರಿಯರು ಹೇಳುವರು. ಹಬ್ಬದ ದಿನ ಮಗುವಿನ ಮುಂದೆ ಇಡಲು ಏನೂ ಇಲ್ಲದ ತಾಯಿಯ ಸ್ಥಿತಿಯನ್ನು ನಾವು ವರ್ಣಿಸಬೇಕಾಗಿಲ್ಲ.

ಇಷ್ಟು ಕಷ್ಟವಿದ್ದಾಗ ಬೇಡಬಾರದಿತ್ತೇ ಎಂದು ಇಂದಿನವರು ಕೇಳಬಹುದು. ತಂಜಾವೂರಿನಲ್ಲಿ ರಘುನಾಥ ನಾಯಕನಂತಹ ವಿದ್ಯಾಪಕ್ಷಪಾತಿಯಾದ ಅರಸನಿದ್ದನು. ಮಹಾಭಾಷ್ಯಾಚಾರ್ಯರೆಂಬ ಬಿರುದಿನ ವಿದ್ವಾಂಸನು ಸಭೆಗೆ ಹೋಗಿ ಎರಡು ಶ್ಲೋಕ ಹೇಳಿದ್ದರೆ ಸಂಭಾವನೆಗೆ ಕೊರತೆಯಿರುತ್ತಿರಲಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರದಲ್ಲಿ ಹುಡುಕಬೇಕೆಂದು ನಮಗೆ ತೋರುತ್ತದೆ. ಆ ಮಂತ್ರದಲ್ಲಿ ತ್ಯಾಗವನ್ನು ಸೂಚಿಸುವ ಒಂದು ಪದವಿದೆ. ಎಲ್ಲವನ್ನೂ ತೊರೆದು ಭೋಗಿಸು ಎಂದು ಅದಕ್ಕೆ ಅರ್ಥ ಹೇಳುವವರು ಅನೇಕರು. ಶ್ರೀಮದಾಚಾರ್ಯರ ಅರ್ಥ ಬೇರೆ. ಈ ಜಗತ್ತು ಸಮಸ್ತವೂ ಈಶನಾದ ಶ್ರೀಹರಿಯು ವಾಸಿಸಲು ಯೋಗ್ಯವಾದ ತಾಣ. ಆದ್ದರಿಂದ ಅವನು ಬಿಟ್ಟುಕೊಟ್ಟದ್ದನ್ನು, ಅಂದರೆ ಅವನು ದಯಪಾಲಿಸಿದ್ದನ್ನು ಅನುಭವಿಸು. ಮತ್ತೊಬ್ಬರಲ್ಲಿ ಧನವನ್ನು ಯಾಚಿಸಬೇಡ. ಒಂದೇ ಪದದಲ್ಲಿ ತೊರೆಯುವವನು ಜೀವನಲ್ಲ, ಕೊಡುವವನು ದೇವರು ಎಂದು ನೋಟವನ್ನೇ ತಿರುಗಿಸಿದ ಅರ್ಥವಿದು. ಮುಂದೆ ಇದೇ ಉಪನಿಷತ್ತಿಗೆ ಖಂಡಾರ್ಥವನ್ನು ಬರೆದವರು ನಮ್ಮ ಶ್ರೀಗಳವರು. ಯತಿಗಳಾಗಿ ಬರೆಯುವ ಮೊದಲು, ಗೃಹಸ್ಥರಾಗಿ, ಖಾಲಿ ಪಾತ್ರೆಗಳ ನಡುವೆ ಕುಳಿತು ಆ ಅರ್ಥವನ್ನು ಅವರು ಬಾಳಿದ್ದರು.

ಇನ್ನು ಗಂಧದ ಪ್ರಸಂಗ. ಹತ್ತಿರದ ಒಬ್ಬ ಶ್ರೀಮಂತರ ಮನೆಯಲ್ಲಿ ಸಂತರ್ಪಣೆ ಏರ್ಪಟ್ಟಿತ್ತು. ವೇಂಕಟನಾಥರು ಪತ್ನೀಪುತ್ರರೊಡನೆ ಹೋದರು. ಕರೆ ಬಂದಿತ್ತೋ, ಊರಿಗೆಲ್ಲ ತೆರೆದ ಸಮಾರಾಧನೆಯೋ, ಹೇಳುವವರು ಬೇರೆ ಬೇರೆಯಾಗಿ ಹೇಳುತ್ತಾರೆ. ಹರಿದ ವಸ್ತ್ರದ ಈ ಬ್ರಾಹ್ಮಣರನ್ನು ಕಂಡ ಮನೆಯವರಿಗೆ ಗೌರವ ಹುಟ್ಟಲಿಲ್ಲ. ಪುಕ್ಕಟೆಯಾಗಿ ಊಟವೇಕೆ ಎಂದು ಭಾವಿಸಿ, ಬಂದ ಬ್ರಾಹ್ಮಣರಿಗೆಲ್ಲ ಹಚ್ಚಿಕೊಳ್ಳಲು ಗಂಧ ತೇಯುವ ಕೆಲಸವನ್ನು ಅವರಿಗೆ ಒಪ್ಪಿಸಿದರು. ಅವರು ಮರುಮಾತಾಡದೆ ಸಾಣೆಕಲ್ಲಿನ ಮುಂದೆ ಕುಳಿತರು.

ಗಂಧ ತೇಯುವ ಕೆಲಸ ಎಂತಹದೆಂದು ನಮಗೆ ಸ್ವಾನುಭವವುಂಟು. ಅರ್ಚಕರ ಮಕ್ಕಳಿಗೆಲ್ಲ ಬಾಲ್ಯದಲ್ಲಿ ಬರುವ ಮೊದಲನೆಯ ಸೇವೆ ಅದು. ಮಧ್ಯಾರಾಧನೆಯ ದಿನ ಪಂಕ್ತಿಗೆ ಬೇಕಾಗುವಷ್ಟು ಗಂಧ ತೇಯುವಷ್ಟರಲ್ಲಿ ತೋಳು ಸೋತು, ಬೆರಳ ತುದಿಗಳು ನೀರಿನಲ್ಲಿ ನೆನೆದು ಸುಕ್ಕಾಗುತ್ತಿದ್ದವು. ಬಾಯಲ್ಲಿ ಸೂಕ್ತಗಳನ್ನು ಹೇಳುತ್ತಿರಬೇಕೆಂದು ತಂದೆಯವರ ಆಜ್ಞೆ. ನಾವೂ ಹೇಳುತ್ತಿದ್ದೆವು. ಸ್ವರ ತಪ್ಪುತ್ತಿರಲಿಲ್ಲ, ಮನಸ್ಸು ಮಾತ್ರ ಅಡಿಗೆಯ ಮನೆಯ ಕೋಸಂಬರಿಯ ಮೇಲಿರುತ್ತಿತ್ತು. ಆದ್ದರಿಂದ ನಾವು ತೇಯ್ದ ಗಂಧದಿಂದ ಯಾರಿಗೂ ಯಾವ ಅಪಾಯವೂ ಆಗಲಿಲ್ಲ.

ವೇಂಕಟನಾಥರು ತೇಯುತ್ತ ಪಠಿಸುತ್ತಿದ್ದುದು ಅಗ್ನಿಸೂಕ್ತ. ಆ ಗಂಧವನ್ನು ಹಚ್ಚಿಕೊಂಡ ಬ್ರಾಹ್ಮಣರಿಗೆಲ್ಲ ಮೈಯುರಿ ಆರಂಭವಾಯಿತು. ತಂಪೆರೆಯಬೇಕಾದ ಗಂಧವು ಕೆಂಡವಾಯಿತು. ಗದ್ದಲವೆದ್ದಿತು. ವಿಚಾರಿಸಲಾಗಿ ಕಾರಣ ತಿಳಿಯಿತು. ಮನೆಯ ಯಜಮಾನನು ಬಂದು ಕ್ಷಮೆ ಬೇಡಿದನು. ವೇಂಕಟನಾಥರು ವರುಣಸೂಕ್ತವನ್ನು ಪಠಿಸುತ್ತ ಮತ್ತೆ ಗಂಧ ತೇಯ್ದು ಕೊಟ್ಟರು. ಅದನ್ನು ಹಚ್ಚಿದೊಡನೆ ಉರಿ ಶಾಂತವಾಯಿತು. ತಾವು ಯಾರನ್ನೂ ನೋಯಿಸಬೇಕೆಂದು ಪಠಿಸಲಿಲ್ಲವೆಂದೂ, ಕೆಲಸದ ಜೊತೆಗೆ ನಿತ್ಯದ ಅನುಸಂಧಾನ ನಡೆಸಿದ್ದಷ್ಟೇ ಎಂದೂ ಅವರು ವಿನಯದಿಂದ ತಿಳಿಸಿದರಂತೆ.

ಈ ಪ್ರಸಂಗವನ್ನು ಮಂತ್ರಶಕ್ತಿಯ ಚಮತ್ಕಾರವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ನಾವು ಸ್ವಲ್ಪ ನಿಲ್ಲೋಣ. ಶ್ರೀಮದಾಚಾರ್ಯರು ಋಗ್ಭಾಷ್ಯದಲ್ಲಿ ತೋರಿಸಿರುವ ಕ್ರಮದಂತೆ ವೇದಗಳಿಗೆಲ್ಲ ಮೂರು ಅರ್ಥಗಳು, ಭಾರತಕ್ಕೆ ಹತ್ತು, ವಿಷ್ಣುಸಹಸ್ರನಾಮದ ಒಂದೊಂದು ನಾಮಕ್ಕೂ ನೂರು. ಋಗ್ವೇದದ ಮೊದಲ ಮಂತ್ರವನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಸ್ತುತಿಸಲ್ಪಟ್ಟ ಅಗ್ನಿಯು ಯಜ್ಞಕುಂಡದಲ್ಲಿ ಉರಿಯುವ, ಹವಿಸ್ಸನ್ನು ಒಯ್ಯುವ ದೇವತೆ. ಇದು ಒಂದು ಅರ್ಥ. ಆ ಅಗ್ನಿಯೊಳಗೆ ಅಂತರ್ಯಾಮಿಯಾಗಿ ನಿಂತು ಅವನಿಗೆ ಉರಿಯುವ ಶಕ್ತಿಯನ್ನು ಕೊಟ್ಟ ಶ್ರೀಮನ್ನಾರಾಯಣನೇ ಮುಖ್ಯಾರ್ಥದಲ್ಲಿ ಅಗ್ನಿಶಬ್ದವಾಚ್ಯನು; ಇದು ಮತ್ತೊಂದು. ಮುಂದಾಗಿ ನಿಂತು ನಡೆಸುವವನು ಎಂದೂ, ಅಂಗವನ್ನು ಅಂದರೆ ಶರೀರವನ್ನು ನಡೆಸುವವನು ಎಂದೂ ಆ ಶಬ್ದವನ್ನು ಬಿಡಿಸುವ ಮಾರ್ಗ ಯಾಸ್ಕರ ನಿರುಕ್ತದಷ್ಟು ಪ್ರಾಚೀನವಾದುದು. ಇನ್ನೊಂದು ಅಧ್ಯಾತ್ಮ: ಈ ದೇಹವೇ ಯಜ್ಞಶಾಲೆ, ಒಳಗೆ ನಡೆಯುವ ಜ್ಞಾನವೇ ಯಜ್ಞ, ಮುಖ್ಯಪ್ರಾಣದೇವರ ಮೂಲಕ ಅದನ್ನು ನಡೆಸುವವನು ಹೃದಯಸ್ಥನಾದ ಹರಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಬಿಟ್ಟರೆ ಸಿದ್ಧಾಂತವೇ ಕೈಬಿಟ್ಟುಹೋಗುತ್ತದೆ. ಒಳಗಿನ ಅರ್ಥ ಸಿಕ್ಕಿತೆಂದು ಹೊರಗಿನ ಅರ್ಥ ಸುಳ್ಳಾಗುವುದಿಲ್ಲ. ಜಗತ್ತು ಮಿಥ್ಯೆಯೆನ್ನುವವರ ಮತದಲ್ಲಿ ಹೊರಗಿನ ಅಗ್ನಿಯನ್ನು ಕೊನೆಗೆ ಬಾಧಿತವೆಂದು ತಳ್ಳಿಬಿಡಬಹುದು. ತತ್ತ್ವವಾದದಲ್ಲಿ ಹಾಗಲ್ಲ. ಕುಂಡದ ಬೆಂಕಿ ಸತ್ಯ, ಅದರ ಅಭಿಮಾನಿದೇವತೆ ಸತ್ಯ, ಅಂತರ್ಯಾಮಿ ಸತ್ಯ. ಮೂರೂ ಏಕಕಾಲದಲ್ಲಿ ಸತ್ಯ, ಒಂದಕ್ಕೊಂದು ಬೇರೆ. ವೇಂಕಟನಾಥರ ಅನುಸಂಧಾನವು ಅಂತರ್ಯಾಮಿಯವರೆಗೆ ಹೋಗಿ ಮುಟ್ಟಿದ್ದರಿಂದಲೇ ಸಾಣೆಕಲ್ಲಿನ ಮೇಲಿನ ಗಂಧದಲ್ಲಿ ಹೊರಗಿನ ಅಗ್ನಿಯೂ ಎದ್ದು ನಿಂತನು. ಒಳಗಿನ ಅರ್ಥವು ಬರಿಯ ಭಾವನೆಯಾಗಿದ್ದರೆ ಯಾರ ಚರ್ಮವೂ ಉರಿಯಬೇಕಾದುದಿರಲಿಲ್ಲ.

ಹಾಗೆಯೇ ಬಡತನವೂ ಸತ್ಯ. ಹಸಿವು ಭ್ರಾಂತಿಯೆಂದು ಅವರು ಹೆಂಡತಿ ಮಕ್ಕಳಿಗೆ ಬೋಧಿಸಿದರೆಂದು ಯಾರೂ ಹೇಳಿಲ್ಲ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ಬಗೆಯ ಅನ್ನವನ್ನು ಪಚನ ಮಾಡುವುದಾಗಿ ತಿಳಿಸಿದ್ದಾನೆ. ನಾವು ಪ್ರತಿದಿನ ಚಿತ್ರಾಹುತಿಯಿಟ್ಟು, ಪರಿಷೇಚನ ಮಾಡಿ, ಪ್ರಾಣಾದಿ ಐದು ಆಹುತಿಗಳನ್ನು ಕೊಡುವುದು ಆ ಅಗ್ನಿಗೇ. ತುಂಬಿದ ಎಲೆಯ ಮುಂದೆ ಕುಳಿತು ಈ ಅನುಸಂಧಾನ ಮಾಡುವುದು ಸುಲಭ, ಸುಲಭವಾದ್ದರಿಂದಲೇ ನಾವು ಮಾಡುವುದಿಲ್ಲ. ಆಹುತಿಗೆ ಅನ್ನವೇ ಇಲ್ಲದ ದಿನ, ಹೊಟ್ಟೆಯಲ್ಲಿ ಉರಿಯುತ್ತಿರುವವನು ಯಾರೆಂದು ಬಲ್ಲವನ ಸ್ಥಿತಿಯನ್ನು ಯೋಚಿಸಬೇಕು. ಹಸಿವು ಕಡಿಮೆಯಾಗದು, ಆದರೆ ಆ ಮನೆಯಲ್ಲಿ ಯಾರೂ ಇಲ್ಲವೆಂಬ ಭಾವ ಉಳಿಯದು. ಛಾಂದೋಗ್ಯದಲ್ಲಿ ಸನತ್ಕುಮಾರರು ನಾರದರಿಗೆ ಉಪದೇಶಿಸಿದ ಭೂಮವಿದ್ಯೆಯೂ ಹೇಳುವುದು ಇದನ್ನೇ: ಅಲ್ಪವಾದುದರಲ್ಲಿ ಸುಖವಿಲ್ಲ, ಪೂರ್ಣವಾದುದರಲ್ಲಿ ಮಾತ್ರ ಉಂಟು. ಆ ಪೂರ್ಣತೆ ಜೀವನದಲ್ಲ. ಜೀವನು ಎಂದೆಂದಿಗೂ ಅಲ್ಪನೇ. ಗುಣಪೂರ್ಣನಾದವನು ಬಿಂಬರೂಪದಿಂದ ಅವನ ಹೃದಯದಲ್ಲಿ ಕುಳಿತಿದ್ದಾನೆ. ತನ್ನಲ್ಲೇ ಎಲ್ಲವೂ ತುಂಬಿದೆಯೆಂದು ಹಿಗ್ಗುವುದಕ್ಕೂ, ತುಂಬಿದವನು ತನ್ನಲ್ಲಿದ್ದಾನೆಂದು ತಲೆಬಾಗುವುದಕ್ಕೂ ಇರುವ ಅಂತರವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ಮಾತನ್ನು ಹೇಳದಿದ್ದರೆ ನಮ್ಮ ಮನಸ್ಸಿಗೆ ಸಮಾಧಾನವಾಗದು. ಈ ಸಂಪತ್ತು ವೇಂಕಟನಾಥರದು. ಹಸಿವಿನಲ್ಲಿ ಮಾತ್ರ ಸರಸ್ವತಿಯಮ್ಮನವರಿಗೂ ಸಮಪಾಲು ಬಂದಿತ್ತು. ಆಕೆ ಸುಧೆಯ ಪಾಠ ಕೇಳಿದವರಲ್ಲ, ಋಗ್ಭಾಷ್ಯವನ್ನು ಬಿಡಿಸಿದವರಲ್ಲ. ಹರಿದ ಸೀರೆಯಲ್ಲಿ, ಅಳುವ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಪತಿಯ ಪಾಠಕ್ಕೆ ಭಂಗ ಬಾರದಂತೆ ಮನೆಯನ್ನು ನಡೆಸಿದರು. ಚರಿತ್ರೆ ಹೇಳುವವರು ಆಕೆಯನ್ನು ಎರಡು ವಾಕ್ಯಗಳಲ್ಲಿ ದಾಟಿಹೋಗುವುದನ್ನು ಕೇಳಿದಾಗಲೆಲ್ಲ ನಮಗೆ ಸಂಕಟವಾಗಿದೆ.

ಶ್ರೀ ಸುಧೀಂದ್ರತೀರ್ಥರು ಪೀಠಕ್ಕೆ ಉತ್ತರಾಧಿಕಾರಿಯಾಗಿ ವೇಂಕಟನಾಥರನ್ನು ಬಯಸಿದಾಗ ಅವರು ಕೂಡಲೇ ಒಪ್ಪಲಿಲ್ಲವೆಂಬುದು ಗಮನಾರ್ಹ. ಬಡತನದಿಂದ ಪಾರಾಗಲು ಅದಕ್ಕಿಂತ ಸುಲಭದ ಮಾರ್ಗವಿರಲಿಲ್ಲ. ಮಠದಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಹೆಂಡತಿ ಚಿಕ್ಕವಳು, ಮಗನಿಗೆ ಉಪನಯನವೂ ಆಗಿಲ್ಲ, ಇವರನ್ನು ಬಿಟ್ಟು ಬರಲಾರೆನೆಂದು ಬಿನ್ನವಿಸಿಕೊಂಡರು. ಒಳಗಿನ ಸಿರಿಯು ಹೊರಗಿನ ಕರ್ತವ್ಯವನ್ನು ಮರೆಸಿರಲಿಲ್ಲ. ಆಮೇಲೆ ವಿದ್ಯಾದೇವತೆಯು ಸ್ವಪ್ನದಲ್ಲಿ ಕಾಣಿಸಿಕೊಂಡು, ಸಚ್ಛಾಸ್ತ್ರದ ರಕ್ಷಣೆಗಾಗಿ ಸಂನ್ಯಾಸವನ್ನು ಸ್ವೀಕರಿಸಬೇಕೆಂದು ಪ್ರೇರೇಪಿಸಿದಳು. ಮಗನ ಉಪನಯನವನ್ನು ನೆರವೇರಿಸಿದ ಬಳಿಕ, ದುರ್ಮತಿ ಸಂವತ್ಸರದ ಫಾಲ್ಗುಣ ಶುದ್ಧ ಬಿದಿಗೆಯಂದು, ವಾಡಿಕೆಯ ಎಣಿಕೆಯಂತೆ 1621ರಲ್ಲಿ, ತಂಜಾವೂರಿನಲ್ಲಿ ಆಶ್ರಮಸ್ವೀಕಾರವಾಯಿತು. ವೇಂಕಟನಾಥರು ಶ್ರೀ ರಾಘವೇಂದ್ರತೀರ್ಥರಾದರು.

ಸುದ್ದಿ ಕೇಳಿದ ಸರಸ್ವತಿಯಮ್ಮನವರು ಪತಿಯ ಮುಖವನ್ನು ಕಡೆಯ ಬಾರಿ ನೋಡಬೇಕೆಂದು ಓಡಿದರು. ದಾರಿಯಲ್ಲಿ ಬಾವಿಗೆ ಬಿದ್ದು ಪ್ರಾಣ ಹೋಯಿತು. ನೋಡಬೇಕೆಂಬ ಆಸೆ ಹೋಗಲಿಲ್ಲ. ಅತೃಪ್ತ ಜೀವವಾಗಿ ಮಠಕ್ಕೆ ಬಂದ ಆಕೆಯನ್ನು ಶ್ರೀಗಳವರು ಗುರುತಿಸಿ, ಕಮಂಡಲುವಿನ ತೀರ್ಥವನ್ನು ಪ್ರೋಕ್ಷಿಸಿ ಬಿಡುಗಡೆ ನೀಡಿದರೆಂದು ಸಂಪ್ರದಾಯ ಹೇಳುತ್ತದೆ. ಮಂತ್ರಾಲಯದ ಮಹಿಮೆಗಳಲ್ಲಿ ಅನುಗ್ರಹ ಪಡೆದವರ ಪಟ್ಟಿ ದೊಡ್ಡದು. ಯತಿಗಳಾದ ಮೇಲೆ ಮೊದಲ ಅನುಗ್ರಹ ದೊರೆತುದು ಹಸಿವಿನಲ್ಲಿ ಜೊತೆಗಿದ್ದ ಈ ಸಾಧ್ವಿಗೆ.

ಅನಂತರದ ಐವತ್ತು ವರ್ಷಗಳ ಪೀಠಾಧಿಪತ್ಯ, ದಿಗ್ವಿಜಯ, ವಾದಗಳ ವಿವರಕ್ಕೆ ನಾವು ಹೋಗುವುದಿಲ್ಲ. ಸೋದರಳಿಯ ನಾರಾಯಣಾಚಾರ್ಯರು ರಚಿಸಿದ ಶ್ರೀ ರಾಘವೇಂದ್ರವಿಜಯ ಕಾವ್ಯವನ್ನು ಆಸಕ್ತರು ನೋಡಬಹುದು. ಗ್ರಂಥಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಹೇಳಬೇಕು. ಜೈಮಿನಿಯ ಪೂರ್ವಮೀಮಾಂಸಾಸೂತ್ರಗಳ ಮೇಲೆ ಭಾಟ್ಟಸಂಗ್ರಹವನ್ನು ಬರೆದಾಗ, ಮಧುರೆಯಲ್ಲಿ ತಿರುಮಲ ನಾಯಕನ ಆಸ್ಥಾನದ ನೀಲಕಂಠ ದೀಕ್ಷಿತರು ಆ ಗ್ರಂಥವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಿದರೆಂದು ಪ್ರತೀತಿಯಿದೆ. ದೀಕ್ಷಿತರು ಅಪ್ಪಯ್ಯ ದೀಕ್ಷಿತರ ವಂಶದವರು, ಶೈವರು, ಅದ್ವೈತಿಗಳು. ಅವರಿಂದ ಬಂದ ಮರ್ಯಾದೆಯಾದ್ದರಿಂದ ಅದರ ತೂಕ ಹೆಚ್ಚು. ಸುಧೆಗೆ ಪರಿಮಳ, ಬ್ರಹ್ಮಸೂತ್ರಗಳಿಗೆ ತಂತ್ರದೀಪಿಕೆ, ಗೀತೆಗೆ ವಿವೃತಿ, ಉಪನಿಷತ್ತುಗಳಲ್ಲಿ ಹೆಚ್ಚಿನವುಗಳಿಗೆ ಖಂಡಾರ್ಥ. ಇವೆಲ್ಲದರಲ್ಲಿಯೂ ಪಾಂಡಿತ್ಯದ ಪ್ರದರ್ಶನವಿಲ್ಲ. ಪಾಠಕ್ಕೆ ಕುಳಿತ ಮಂದಬುದ್ಧಿಯ ಶಿಷ್ಯನಿಗೂ ಪದಕ್ಕೆ ಪದ ಬಿಡಿಸಿ ಕೊಡುವ ಸೌಲಭ್ಯವಿದೆ. ಆ ಮಂದಬುದ್ಧಿಯ ಶಿಷ್ಯರಲ್ಲಿ ನಾವೂ ಒಬ್ಬರಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇವೆ.

ಮತ್ತೆ ಅಗ್ನಿಯ ವಿಷಯಕ್ಕೆ ಬರೋಣ. ತಂಜಾವೂರು ಸೀಮೆಯಲ್ಲಿ ಘೋರವಾದ ಕ್ಷಾಮ ಬಂದಾಗ ಅರಸನ ಪ್ರಾರ್ಥನೆಯಂತೆ ಶ್ರೀಗಳವರು ಅಲ್ಲಿಗೆ ಬಂದು ಯಾಗಗಳನ್ನು ಮಾಡಿಸಿದರು; ಮಳೆಯಾಯಿತು. ಕೃತಜ್ಞನಾದ ಅರಸನು ಬೆಲೆಬಾಳುವ ರತ್ನಹಾರವೊಂದನ್ನು ಅರ್ಪಿಸಿದನು. ಆಗ ಹೋಮ ನಡೆಯುತ್ತಿತ್ತು. ಶ್ರೀಗಳವರು ಆ ಹಾರವನ್ನು ಹಾಗೆಯೇ ಅಗ್ನಿಗೆ ಆಹುತಿಯಾಗಿ ಹಾಕಿಬಿಟ್ಟರು. ಅರಸನ ಮುಖ ಬಾಡಿತು. ತನ್ನ ಕಾಣಿಕೆಗೆ ಅವಮಾನವಾಯಿತೆಂದು ಭಾವಿಸಿದನು. ಅದನ್ನರಿತ ಶ್ರೀಗಳವರು ಉರಿಯುವ ಕುಂಡದಲ್ಲಿ ಕೈಯಿಟ್ಟು ಹಾರವನ್ನು ತೆಗೆದು ಕೊಟ್ಟರು. ಹಾರಕ್ಕೂ ಕಲೆಯಿಲ್ಲ, ಕೈಗೂ ಸುಟ್ಟಗಾಯವಿಲ್ಲ.

ಋಗ್ವೇದದ ಆ ಮೊದಲ ಮಂತ್ರದ ಕೊನೆಯ ಪದವು ಅಗ್ನಿಯನ್ನು ರತ್ನಗಳ ವಿಷಯದಲ್ಲಿ ಸರ್ವೋತ್ತಮನೆಂದು ಸ್ತುತಿಸುತ್ತದೆ. ರಮಣೀಯವಾದ ಧನಗಳನ್ನು ಅತಿಶಯವಾಗಿ ಕೊಡುವವನು ಎಂದು ಯಾಸ್ಕರು ಅದನ್ನು ವಿವರಿಸಿದ್ದಾರೆ. ಅರಸನ ದೃಷ್ಟಿಯಲ್ಲಿ ರತ್ನವು ಹಾರದಲ್ಲಿತ್ತು, ಅಗ್ನಿ ಅದನ್ನು ನುಂಗುವವನಾಗಿದ್ದನು. ಶ್ರೀಗಳವರ ದೃಷ್ಟಿಯಲ್ಲಿ ಕೊಟ್ಟವನಿಗೇ ಕೊಟ್ಟದ್ದು ಹಿಂದಿರುಗಿತು, ಅಷ್ಟೆ. ಹಿಂದೆ ಸಾಣೆಕಲ್ಲಿನ ಮುಂದೆ ಊಟದ ಕೂಲಿಗಾಗಿ ಕುಳಿತಾಗಲೂ, ಈಗ ಅರಸನ ಮುಂದೆ ಯತಿರಾಜರಾಗಿ ಕುಳಿತಾಗಲೂ ಅವರು ನೋಡಿದ ಅಗ್ನಿ ಒಬ್ಬನೇ. ಈ ಎರಡು ಪ್ರಸಂಗಗಳನ್ನು ಬೇರೆ ಬೇರೆಯಾಗಿ ಎಷ್ಟೋ ಬಾರಿ ಕೇಳಿದ್ದ ನಮಗೆ, ಮಂತ್ರಾರ್ಥಮಂಜರಿಯ ಪಾಠಕ್ಕೆ ಕುಳಿತ ಮೇಲೆಯೇ ಇವು ಒಂದೇ ಪ್ರಸಂಗದ ಎರಡು ಭಾಗಗಳಂತೆ ಕಂಡವು.

ಮಂತ್ರಾರ್ಥಮಂಜರಿಯು ಋಗ್ಭಾಷ್ಯವನ್ನನುಸರಿಸಿ ಋಗ್ವೇದದ ಮೊದಲ 40 ಸೂಕ್ತಗಳ ಅರ್ಥವನ್ನು ಬಿಡಿಸುವ ಶ್ರೀಗಳವರ ಗ್ರಂಥ. ಶ್ರೀಮದಾಚಾರ್ಯರ ಭಾಷ್ಯ ಅತಿ ಸಂಕ್ಷಿಪ್ತ. ಶ್ರೀ ಜಯತೀರ್ಥರ ಟೀಕೆ ಗಂಭೀರ. ಮಂತ್ರದ ಪದಗಳನ್ನು ಹಿಡಿದು ಅನ್ವಯಿಸಿ, ಈ ಪದ ದೇವತೆಯಲ್ಲಿ ಹೇಗೆ ಹೊಂದುತ್ತದೆ, ಭಗವಂತನಲ್ಲಿ ಹೇಗೆ, ಅಧ್ಯಾತ್ಮದಲ್ಲಿ ಹೇಗೆ ಎಂದು ತೋರಿಸುವ ಉಪಕಾರವನ್ನು ಈ ಗ್ರಂಥ ಮಾಡಿದೆ. ಅಶ್ವಿನಿಗಳು, ಇಂದ್ರ, ವಾಯು, ವರುಣ, ಹೀಗೆ ಬರುವ ಪ್ರತಿಯೊಬ್ಬ ದೇವತೆಯ ಬಾಗಿಲನ್ನು ತಟ್ಟಿದಾಗಲೂ ಒಳಗಿನಿಂದ ಶ್ರೀಹರಿಯೇ ಓಗೊಡುತ್ತಾನೆ. ಹಾಗೆಂದು ಆ ದೇವತೆಯನ್ನು ಬಾಗಿಲಲ್ಲೇ ಬಿಟ್ಟುಬಿಡುವಂತಿಲ್ಲ, ತಾರತಮ್ಯದಂತೆ ನಮಸ್ಕರಿಸಿಯೇ ಒಳಗೆ ಹೋಗಬೇಕು. ರಾಯರ ಸ್ತೋತ್ರವನ್ನು ನಿತ್ಯ 108 ಬಾರಿ ಪಾರಾಯಣ ಮಾಡುವ ಭಕ್ತರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರ ನಿಷ್ಠೆಗೆ ನಮಸ್ಕಾರ. ಆದರೆ ರಾಯರು ಸ್ವತಃ ಬರೆದುದರ ಒಂದು ಪುಟವನ್ನಾದರೂ ಪಾಠ ಹೇಳಿಸಿಕೊಂಡವರು ಎಷ್ಟು ಮಂದಿ ಎಂದು ಕೇಳಿದರೆ ಸಭೆ ಮೌನವಾಗುತ್ತದೆ. ಪಾಠಶಾಲೆಯಲ್ಲಿ ಓದಿದ ನಾವೂ ಬಹುಕಾಲ ಆ ಮೌನದಲ್ಲಿಯೇ ಸೇರಿದ್ದೆವು.

ಸಂಸ್ಕೃತದ ಪಾಠಕ್ಕೆ ಅವಕಾಶವಿಲ್ಲದ ಗೃಹಸ್ಥರಿಗಾಗಿಯೋ ಎಂಬಂತೆ ಅವರು ಅನುಗ್ರಹಿಸಿದ ಒಂದು ಚಿಕ್ಕ ಕೃತಿಯುಂಟು, ಅದೇ ಪ್ರಾತಃಸಂಕಲ್ಪಗದ್ಯ. ಬೆಳಗ್ಗೆ ಹಾಸಿಗೆಯಲ್ಲಿ ಎಚ್ಚತ್ತೊಡನೆ, ಇಂದು ನನ್ನಿಂದ ನಡೆಯುವ ನೋಡುವುದು, ಕೇಳುವುದು, ಉಣ್ಣುವುದು, ದುಡಿಯುವುದು ಎಲ್ಲವನ್ನೂ ಬಿಂಬನಾದ ಹರಿಯೇ ಮುಖ್ಯಪ್ರಾಣದ್ವಾರಾ ಮಾಡಿಸುವನೆಂದೂ, ಅದು ಅವನ ಪೂಜೆಯಾಗಲೆಂದೂ ಸಂಕಲ್ಪಿಸುವ ಗದ್ಯವದು. ಯಜ್ಞಶಾಲೆಯಿಲ್ಲದವನಿಗೆ ದಿನವೇ ಯಜ್ಞಶಾಲೆಯಾಯಿತು. ರಾತ್ರಿ ಆ ದಿನವನ್ನೆಲ್ಲ ಒಪ್ಪಿಸಿಬಿಡುವುದಕ್ಕೆ ಸರ್ವಸಮರ್ಪಣಗದ್ಯ. ಕನ್ನಡದಲ್ಲಿಯೂ ಧೀರ ವೇಣುಗೋಪಾಲನ ಅಂಕಿತದ ಒಂದು ಕೀರ್ತನೆ ಅವರದೆಂದು ಪ್ರಸಿದ್ಧವಾಗಿದೆ. ವೀಣೆಯ ಮನೆತನ ಮಾತೃಭಾಷೆಯನ್ನು ಮರೆತಿರಲಿಲ್ಲ.

ಕೊನೆಯಲ್ಲಿ ತಮಗಾಗಿ ಅವರು ಬೇಡಿದ್ದೂ ಒಂದುಂಟು. ಆದವಾನಿಯ ಸಿದ್ದಿ ಮಸೂದಖಾನನು ಪರೀಕ್ಷಿಸಲು ತಟ್ಟೆಯಲ್ಲಿ ಮಾಂಸವನ್ನು ಮುಚ್ಚಿ ತಂದಾಗ ಅದು ಹೂಹಣ್ಣುಗಳಾದ ಕಥೆ ಎಲ್ಲರಿಗೂ ಗೊತ್ತು. ಪಶ್ಚಾತ್ತಾಪಗೊಂಡ ಅವನು ಫಲವತ್ತಾದ ಗ್ರಾಮಗಳನ್ನು ಕೊಡಲು ಮುಂದಾದರೆ, ಶ್ರೀಗಳವರು ಕೇಳಿದ್ದು ತುಂಗಭದ್ರೆಯ ದಡದ ಮಂಚಾಲೆಯನ್ನು. ಬಂಡೆಗಲ್ಲಿನ, ಬೆಳೆ ಕಡಿಮೆಯಾದ ಊರು. ಪ್ರಹ್ಲಾದರಾಜರು ಯಜ್ಞ ಮಾಡಿದ ಭೂಮಿಯೆಂಬುದು ಅವರಿಗೆ ಕಂಡಿತ್ತು. ಉಳಿದವರಿಗೆ ಕಲ್ಲು ಕಂಡಿತ್ತು. ಆ ಆದವಾನಿಯ ದಿವಾನನಾಗಿದ್ದ ವೆಂಕಣ್ಣನು ಮೊದಲು ಅಕ್ಷರವರಿಯದೆ ದನ ಕಾಯುತ್ತಿದ್ದ ಅನಾಥ ಬಾಲಕ. ದಾರಿಯಲ್ಲಿ ಸಿಕ್ಕ ನವಾಬನು ಪತ್ರವೊಂದನ್ನು ಓದೆಂದು ಗದರಿಸಿದಾಗ, ಹಿಂದೆ ಅಭಯ ಕೊಟ್ಟಿದ್ದ ಗುರುಗಳನ್ನು ನೆನೆದು, ಎಂದೂ ಕಲಿಯದ ಅಕ್ಷರಗಳನ್ನು ಓದಿದನು. ಆ ಓದಿನಿಂದಲೇ ಅವನ ಬಾಳು ತಿರುಗಿತು. ಬೃಂದಾವನದ ನಿರ್ಮಾಣದ ಹೊಣೆಯನ್ನು ಹೊತ್ತವನು ಅವನೇ.

ವಿರೋಧಿಕೃತ್ ಸಂವತ್ಸರದ ಶ್ರಾವಣ ಬಹುಳ ಬಿದಿಗೆ, 1671ನೆಯ ಇಸವಿ. ಪೀಠವನ್ನು ಶ್ರೀ ಯೋಗೀಂದ್ರತೀರ್ಥರಿಗೆ ಒಪ್ಪಿಸಿ, ಶಿಷ್ಯಸಮೂಹವು ನೋಡುತ್ತಿರುವಂತೆ ಶ್ರೀಗಳವರು ಸಶರೀರರಾಗಿ ಬೃಂದಾವನವನ್ನು ಪ್ರವೇಶಿಸಿದರು. ಜಪಮಾಲೆ ಕೈಯಿಂದ ಜಾರಿದ ಬಳಿಕ ಶಿಷ್ಯರು ಶಿಲೆಗಳನ್ನು ಮುಚ್ಚಿದರು.

ಈ ಬಾರಿ ಆರಾಧನೆಯ ಮೂರು ಸಾಯಂಕಾಲಗಳಲ್ಲಿ, ಸ್ವಸ್ತಿವಾಚನಕ್ಕೆ ಮೊದಲು, ನಮ್ಮ ದೇವಾಲಯದ ಪ್ರಾಕಾರದಲ್ಲಿ ಮಂತ್ರಾರ್ಥಮಂಜರಿಯ ಮೊದಲನೆಯ ಸೂಕ್ತವನ್ನು ಕನ್ನಡದಲ್ಲಿ ಪಾಠ ಹೇಳಬೇಕೆಂದು ಸಂಕಲ್ಪಿಸಿದ್ದೇವೆ. ಒಂಬತ್ತು ಮಂತ್ರಗಳು, ದಿನಕ್ಕೆ ಮೂರರಂತೆ. ಹೆಂಗಸರಿಗೂ ಮಕ್ಕಳಿಗೂ ತಿಳಿಯುವಂತೆ ಅರ್ಥವನ್ನು ಮಾತ್ರ ಹೇಳಲಾಗುವುದು. ಮಧ್ಯಾಹ್ನದ ಪಂಕ್ತಿಗೆ ಗಂಧ ತೇಯಲು ಬರುವ ಬಾಲಕರು ಬೆಳಗ್ಗೆ ಎಂಟು ಗಂಟೆಯೊಳಗೆ ಮಡಿಯಲ್ಲಿ ಬರತಕ್ಕದ್ದು.